ಲೂಪ್ ಲೈನಿನ ಮೇಣದಬತ್ತಿ

ಆ ಹಬ್ಬದ ದಿನ ಚರ್ಚಿನ ಫಾದರ್ ಅವರ ಕಣ್ಣು ಕೆಂಪಾಗಿತ್ತು ಎಂದು ನಾನು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹೇಳಿದ್ದೇನೆ, ಮದುವೆಮನೆಯ ಊಟದ ಸಾಲಿನಲ್ಲಿ ಹೇಳಿದ್ದೇನೆ, ನನ್ನ ಹೆಂಡತಿಗೆ ಎಷ್ಟು ಸಲ ಹೇಳಿದ್ದೇನೆಂದರೆ ನಾನು ಮರೆತ ವಿವರಗಳನ್ನು ಈಗ ಅವಳೇ ತುಂಬಿಕೊಡುತ್ತಾಳೆ. ಹೇಳಿದಷ್ಟೂ ಆ ಕಣ್ಣಿನ ಬಣ್ಣ ಏರುತ್ತ ಹೋಗಿದೆ. ಮೊದಮೊದಲು ನಸುಗೆಂಪಾಗಿದ್ದದ್ದು ಈಗ ದಾಸವಾಳಕ್ಕೆ ಬಂದು ನಿಂತಿದೆ. ಹೋದ ತಿಂಗಳು ಗಾರ್ಡ್ ಸಾರ್ ತೀರಿಕೊಂಡ ಸುದ್ದಿ ಬಂತು. ಅವರನ್ನು ನೆನೆಯುತ್ತ ಕುಳಿತವನಿಗೆ ಇದ್ದಕ್ಕಿದ್ದಂತೆ ಅನುಮಾನ ಬಂತು: ಫಾದರ್ ಅವರ ಆ ಕಣ್ಣನ್ನು ನಾನು ನೋಡಿದ್ದೆನೇ?

ನಾನು ಭೌತಶಾಸ್ತ್ರ ಓದಿದವನು. ಕಂಡದ್ದನ್ನು ಅಳೆಯಿರಿ, ಅಳೆದದ್ದನ್ನು ಮಾತ್ರ ಬರೆಯಿರಿ ಎಂದು ಹುಡುಗರಿಗೆ ಪಾಠ ಹೇಳಿ ಸಂಬಳ ತೆಗೆದುಕೊಳ್ಳುವವನು. ಹಾಗಿದ್ದೂ ಆ ಹಬ್ಬ ನಡೆದದ್ದು ಯಾವ ವರ್ಷ ಎಂದು ಪ್ರಮಾಣ ಮಾಡಿ ಹೇಳಲಾರೆ. ಯುದ್ಧದ ಕಾಲಕ್ಕೆ ಕಿಟಕಿಗಳಿಗೆ ಅಂಟಿಸಿದ್ದ ಕಪ್ಪು ಕಾಗದವನ್ನು ಇನ್ನೂ ಯಾರೂ ಕಿತ್ತಿರಲಿಲ್ಲ ಎಂದು ನೆನಪು. ಹಾಗಿದ್ದರೆ ಎಪ್ಪತ್ತೆರಡು. ಆದರೆ ನಮ್ಮ ಬೀದಿಯ ಜನ ಆ ಕಾಗದವನ್ನು ಬಿಸಿಲಿಗೆ ಒಳ್ಳೆಯದೆಂದು ವರ್ಷಗಟ್ಟಲೆ ಇಟ್ಟುಕೊಂಡಿದ್ದರು. ಆದ್ದರಿಂದ ಆ ಸಾಕ್ಷ್ಯವೂ ಬಿದ್ದುಹೋಯಿತು.

ಗಾರ್ಡ್ ಸಾರ್ ಅವರಿಗೆ ಹೆಸರೊಂದಿತ್ತು, ಬಾಗಿಲ ಮೇಲೆ ತಗಡಿನ ಬೋರ್ಡೂ ಇತ್ತು. ಮರ್ಫಿ ಟೌನಿನ ನಮ್ಮ ಬೀದಿಯಲ್ಲಿ ಯಾರೂ ಅದನ್ನು ಬಳಸಲಿಲ್ಲ. ಗಾರ್ಡ್ ಸಾರ್, ಗಾರ್ಡ್ ಅಂಕಲ್, ಗಾರ್ಡ್ ಸಾಬ್ ಎಂದು ಆಯಾ ಮನೆಯ ಭಾಷೆಗೆ ತಕ್ಕ ಬಾಲ ಅಂಟಿಕೊಳ್ಳುತ್ತಿತ್ತು. ನನ್ನ ತಂದೆ ಕೆಲಸ ಮಾಡುತ್ತಿದ್ದ ಫ್ಯಾಕ್ಟರಿಯ ಬಸ್ಸು ಹಳೇ ಮದ್ರಾಸ್ ರಸ್ತೆಯಲ್ಲಿ ನಿಲ್ಲುತ್ತಿತ್ತು, ಆ ಒಂದೇ ಕಾರಣಕ್ಕೆ ನಾವು ಅಲ್ಲಿ ಬಾಡಿಗೆಗೆ ಬಂದಿದ್ದೆವು. ಎದುರುಮನೆ ಗಾರ್ಡ್ ಸಾರ್ ಅವರದು. ಅವರ ಮನೆಯ ಹಿಂದೆ ಒಂದು ಮೊಣಕಾಲೆತ್ತರದ ಗೋಡೆ, ಅದರಾಚೆ ಅವರ ಚರ್ಚಿನ ಅಂಗಳ.

ಬೈಯಪ್ಪನಹಳ್ಳಿಯಿಂದ ಜೋಲಾರಪೇಟೆಯವರೆಗೆ ಗೂಡ್ಸ್ ಗಾಡಿಗಳ ಕೊನೆಯ ಡಬ್ಬಿಯಾದ ಬ್ರೇಕ್ ವ್ಯಾನಿನಲ್ಲಿ ಅರ್ಧ ಆಯುಷ್ಯ ಕಳೆದವರು ಅವರು. ನಿವೃತ್ತಿಯ ದಿನ ರೈಲ್ವೆ ಅವರನ್ನು ಬಿಟ್ಟಿತು, ಅವರು ರೈಲ್ವೆಯನ್ನು ಬಿಡಲಿಲ್ಲ. ಸೀಟಿ, ಕೆಂಪು ಹಸಿರು ಬಾವುಟಗಳು, ಸೀಮೆಎಣ್ಣೆಯ ಕೈದೀಪ ಎಲ್ಲವೂ ಮನೆಯಲ್ಲಿದ್ದವು. ಅವು ಹೇಗೆ ಅಲ್ಲಿಗೆ ಬಂದವೆಂದು ಯಾರೂ ಕೇಳಲಿಲ್ಲ. ಬಂದ ನೆಂಟರು ಹೊರಟಾಗ ಅವರು ಹೋಗಿ ಬನ್ನಿ ಎನ್ನುತ್ತಿರಲಿಲ್ಲ. ಬೀದಿಯ ಎರಡೂ ತುದಿ ನೋಡಿ, “ರೈಟ್” ಎನ್ನುತ್ತಿದ್ದರು. ಅದನ್ನು ಕೇಳದೆ ಹೊರಟವರಿಗೆ ದಾರಿಯಲ್ಲಿ ಏನೋ ಮರೆತುಬಂದ ಭಾವನೆಯಾಗುತ್ತಿತ್ತು. ನನಗೂ ಆಗಿದೆ.

ಬಸ್ಸಿಗೆ ಎಲ್ಲರೂ ಹತ್ತಿದ ಮೇಲೆ ಹತ್ತುವುದು ಅವರ ವ್ರತ. ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳು ಅವರನ್ನು ಕಂಡರೆ ಹಲ್ಲು ಕಡಿಯುತ್ತಿದ್ದರು.

“ಹತ್ರೀ ಸಾರ್, ಬಾಗಿಲಲ್ಲಿ ನಿಂತ್ಕೊಂಡು ಏನ್ ನೋಡ್ತಿದೀರಾ?”

“ಎಲ್ಲಾ ಹತ್ಲಿ ಕಣಯ್ಯಾ. ಗಾರ್ಡ್ ಮೊದಲು ಹತ್ತಿದ ಗಾಡಿ ಊರು ಸೇರಲ್ಲ.”

ಮದುವೆಗಳಲ್ಲೂ ಕೊನೆಯ ಪಂಕ್ತಿಯೇ. ಅಷ್ಟು ಹೊತ್ತಿಗೆ ತಿಳಿಸಾರು ಮತ್ತು ಉಪ್ಪಿನಕಾಯಿ ಮಾತ್ರ ಉಳಿದಿರುತ್ತಿದ್ದವು. ತಮ್ಮ ಸ್ವಂತ ಮದುವೆಯ ದಿನವೂ ಎಲ್ಲರನ್ನೂ ಹತ್ತಿಸುತ್ತ ನಿಂತಿದ್ದರಿಂದ ಮದುಮಗಳ ಕಾರು ಅವರನ್ನು ಬಿಟ್ಟೇ ಹೊರಟುಹೋಯಿತು ಎಂದು ಬೀದಿಯಲ್ಲಿ ಹೇಳುತ್ತಿದ್ದರು. ಇದು ನಾನು ನೋಡಿದ್ದಲ್ಲ. ಆದರೆ ಅವರ ಹೆಂಡತಿ ಬದುಕಿದ್ದಾಗ ಈ ಮಾತು ಬಂದರೆ ಅಡುಗೆಮನೆಗೆ ಎದ್ದುಹೋಗುತ್ತಿದ್ದದ್ದನ್ನು ನೋಡಿದ್ದೇನೆ.

ಚರ್ಚಿನ ಮೆರವಣಿಗೆಗಳೆಲ್ಲ ಅವರ ಕೈಯಲ್ಲಿದ್ದವು. ಸಂತರ ವಿಗ್ರಹ ಹೊತ್ತವರು ಅವರ ಸೀಟಿ ಕೇಳಿಯೇ ಹೆಜ್ಜೆ ತೆಗೆಯಬೇಕು. ಲ್ಯಾಟಿನ್ ಹೋಗಿ ಆಡುಮಾತಿನ ಪೂಜೆಗಳು ಬಂದ ಹೊಸತು. ಯಾವ ಭಾಷೆಗೆ ಯಾವ ಹೊತ್ತು ಎಂದು ಚರ್ಚಿನಲ್ಲಿ ಭಕ್ತಿಗಿಂತ ಹೆಚ್ಚಿನ ಉತ್ಸಾಹದಿಂದ ಜಗಳ ನಡೆಯುತ್ತಿತ್ತು. ಗಾರ್ಡ್ ಸಾರ್ ಅದನ್ನೂ ತಮ್ಮ ರೀತಿಯಲ್ಲಿ ಬಗೆಹರಿಸಿದ್ದರು.

“ಬೆಂಗಳೂರಿಗೆ ಮೂರು ಗೇಜ್ ಇದೆ ಅಲ್ವೇನ್ರೀ? ಇಂಗ್ಲಿಷು ಬ್ರಾಡ್ ಗೇಜು. ತಮಿಳು ಮೀಟರ್ ಗೇಜು. ಕನ್ನಡ ನ್ಯಾರೋ ಗೇಜು. ದೇವರು ಮೂರಕ್ಕೂ ಹಸಿರು ಕೊಡ್ತಾನೆ.”

“ನಮ್ಮೂರಲ್ಲಿ ನಮ್ಮದು ನ್ಯಾರೋ ಗೇಜಾ ಸಾರ್?” ಎಂದು ನಾನು ಸಿಟ್ಟಿನಿಂದ ಕೇಳಿದ್ದೆ.

“ಏನ್ಮಾಡೋದು, ನಿಮ್ಮಂಥೋರು ಹತ್ತೋದೇ ಇಲ್ವಲ್ಲ.”

ಅವರ ಚರ್ಚನ್ನಷ್ಟೇ ಅಲ್ಲ, ನಮ್ಮ ಮನೆಯ ಸತ್ಯನಾರಾಯಣ ಪೂಜೆಯನ್ನೂ ನಾನು ಹತ್ತುತ್ತಿರಲಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಸಂಜೆ ಹೊತ್ತು ಅವರ ಜಗಲಿಯಲ್ಲಿ ಕುಳಿತು ನಾನು ದೇವರಿಲ್ಲವೆಂದು ವಾದಿಸುತ್ತಿದ್ದೆ. ಅವರು ಕಡಲೆಕಾಯಿ ಬಿಡಿಸುತ್ತ ಪೂರ್ತಿ ಕೇಳಿ ಕೊನೆಗೆ, “ನಿಮ್ಮ ಸೈನ್ಸಿಗೆ ಇಂಜಿನ್ ಚೆನ್ನಾಗಿದೆ ಕಣ್ರೀ. ಬ್ರೇಕ್ ವ್ಯಾನ್ ಇಲ್ಲ” ಎನ್ನುತ್ತಿದ್ದರು. ಆ ಮೇಲೆ, ಸಂಬಂಧವಿರಲಿ ಇಲ್ಲದಿರಲಿ, ತಮ್ಮ ಒಂದೇ ಒಂದು ಬಡಾಯಿಯನ್ನು ಸೇರಿಸುತ್ತಿದ್ದರು: “ಸರ್ವಿಸಲ್ಲಿ ಒಂದು ದಿನಾನೂ ನಾನು ರಾಂಗ್ ಸಿಗ್ನಲ್ ತೋರಿಸಿಲ್ಲ. ಡ್ರೈವರ್ ಬೈದಿದಾನೆ, ಸ್ಟೇಷನ್ ಮಾಸ್ಟರ್ ಬೈದಿದಾನೆ. ಕೆಂಪು ಅಂದ್ರೆ ಕೆಂಪು, ಹಸಿರು ಅಂದ್ರೆ ಹಸಿರು.” ಇದನ್ನು ಅವರು ಪ್ರಾರ್ಥನೆಗಿಂತ ಹೆಚ್ಚು ಸಲ ಹೇಳಿದ್ದನ್ನು ನಾನು ಕೇಳಿದ್ದೇನೆ.

ಒಳಗಿನ ಕೋಣೆಯಲ್ಲಿ ಅವರ ತಾಯಿ ಇದ್ದರು. ಬೀದಿಗೆಲ್ಲ ಅಜ್ಜಿ. ವಯಸ್ಸು ಎಷ್ಟೆಂದು ಕೇಳಿದರೆ ಹಲಸೂರು ಕೆರೆಯ ನೀರು ಕುಡಿಯುವಂತಿದ್ದ ಕಾಲದವಳು ಎನ್ನುತ್ತಿದ್ದರು. ಅರವತ್ತು ದಾಟಿದ ಗಾರ್ಡ್ ಸಾರ್ ಅವರನ್ನು ಪುಟ್ಟಾ ಎಂದು ಕರೆಯುವ ಒಬ್ಬರೇ ಒಬ್ಬರು. ಅಜ್ಜಿ ಹಲವು ವರ್ಷಗಳಿಂದ ಸಾಯುವ ತಯಾರಿಯಲ್ಲಿದ್ದರು. ಅದಕ್ಕಾಗಿ ಸೀರೆ ಎತ್ತಿಟ್ಟಿದ್ದರು, ಹಾಡುಗಳನ್ನು ಆರಿಸಿದ್ದರು. ಉಳಿದದ್ದು ಮೇಣದಬತ್ತಿ.

ಇದನ್ನು ಸ್ವಲ್ಪ ವಿವರಿಸಬೇಕು. ಕ್ರಿಸ್‌ಮಸ್ ಕಳೆದು ನಲವತ್ತನೆಯ ದಿನ, ಫೆಬ್ರವರಿ ಎರಡಕ್ಕೆ, ಕ್ಯಾಥೊಲಿಕರಿಗೆ ಮೇಣದಬತ್ತಿಗಳ ಹಬ್ಬ. ಕ್ರಿಸ್‌ಮಸ್ಸಿನಲ್ಲಿ ಹುಟ್ಟಿದ ಕೂಸನ್ನು ಅಂದು ತಾಯಿ ದೇವಾಲಯಕ್ಕೆ ತಂದಳು. ಅದನ್ನು ನೋಡುವುದಕ್ಕೆಂದೇ ಕಾದಿದ್ದ ಮುದುಕನೊಬ್ಬ, ಸರಿ, ಬೆಳಕು ಕಂಡೆ, ನಾನಿನ್ನು ಹೊರಡಬಹುದು ಎಂದು ಸಮಾಧಾನಪಟ್ಟ. ಅದರ ನೆನಪಿಗೆ ಜನ ಹೊರಗೆ ಅಂಗಳದಲ್ಲಿ ಸೇರಿ ಬತ್ತಿ ಹಚ್ಚುತ್ತಾರೆ. ಪಾದ್ರಿ ಪ್ರಾರ್ಥಿಸಿ ತೀರ್ಥ ಚಿಮುಕಿಸಿ ಬತ್ತಿಗಳನ್ನು ಆಶೀರ್ವದಿಸುತ್ತಾರೆ. ಸಾಲಾಗಿ ಚರ್ಚಿನೊಳಗೆ ಹೋಗುತ್ತಾರೆ. ಆ ಬತ್ತಿಯನ್ನು ಮನೆಯಲ್ಲಿ ಇಟ್ಟುಕೊಂಡು ಗುಡುಗು ಸಿಡಿಲಿಗೆ ಹಚ್ಚುತ್ತಾರೆ. ಯಾರಾದರೂ ಸಾಯುವಾಗ ಅದನ್ನು ಹಚ್ಚಿ ಅವರ ಕೈಗೆ ಹಿಡಿಸುತ್ತಾರೆ.

ಅಜ್ಜಿಗೆ ಪ್ರತಿ ವರ್ಷ ಹೊಸ ಬತ್ತಿಯೇ ಆಗಬೇಕು. “ಹೋದ ವರ್ಷದ್ದು ಹಿಡ್ಕೊಂಡು ಹೋದ್ರೆ ಹಳೇ ಟಿಕೆಟ್ ಅಂತ ಇಳಿಸಿಬಿಡ್ತಾರೆ ಕಣೋ ಪುಟ್ಟಾ.” ಆ ಕಾದ ಮುದುಕನ ಮೇಲೆ ಅವರಿಗೆ ಸ್ವಲ್ಪ ಹೊಟ್ಟೆಕಿಚ್ಚು. “ಅವನು ಒಂದ್ಸಲ ನೋಡ್ದ, ಹೋದ. ನಾನು ವರ್ಷಾ ವರ್ಷಾ ನೋಡ್ತಾನೇ ಇದೀನಿ, ಕರ್ಕೊಳ್ಳೋರಿಲ್ಲ.”

ಆ ವರ್ಷ ಮಾತ್ರ ತಮಾಷೆಯಾಗಿರಲಿಲ್ಲ. ಕ್ರಿಸ್‌ಮಸ್ಸಿನಿಂದ ಅವರು ಹಾಸಿಗೆ ಹಿಡಿದಿದ್ದರು. ಉಸಿರು ಒಲೆಯ ಊದುಗೊಳವೆಯ ಹಾಗೆ ಕೇಳುತ್ತಿತ್ತು. ಹಲಸೂರಿನ ಡಾಕ್ಟರು ಹೊರಗೆ ಬಂದು, ಬೇಕಾದವರಿಗೆಲ್ಲ ಹೇಳಿ ಕಳಿಸಿ ಎಂದಿದ್ದರು. ಫಾದರ್ ಬಂದು ಕೊನೆಯ ಎಣ್ಣೆ ಹಚ್ಚಿ ಹೋಗಿದ್ದರು. ಹೋದ ವರ್ಷದ ಬತ್ತಿ ಪೆಟ್ಟಿಗೆಯಲ್ಲಿತ್ತು. ಅದನ್ನು ತಂದು ತಲೆದೆಸೆಗೆ ಇಟ್ಟರೆ ಅಜ್ಜಿ ಕೈಯಿಂದ ತಳ್ಳಿದರು. “ಹಬ್ಬ ಬರ್ಲಿ. ಅಲ್ಲಿವರೆಗೂ ಇರ್ತೀನಿ.” ಹೊಸ ಬತ್ತಿ ತಂದೇ ಕೊಡುತ್ತೇನೆಂದು ಗಾರ್ಡ್ ಸಾರ್ ಮಾತು ಕೊಟ್ಟರು.

ಹಬ್ಬದ ಜೊತೆಗೆ ಕಣ್ಣುಬೇನೆಯೂ ಬಂತು. ನಮ್ಮವರು ಅದನ್ನು ಮದ್ರಾಸ್ ಐ ಎಂದರು. ಮದ್ರಾಸಿನವರು ಬೆಂಗಳೂರು ಐ ಎಂದಿದ್ದರೂ ಆಶ್ಚರ್ಯವಿಲ್ಲ. ಪತ್ರಿಕೆಗಳ ಪ್ರಕಾರ ಅದು ಆಫ್ರಿಕಾದಲ್ಲಿ ಹೊರಟು ಸಿಂಗಪುರ, ಕಲ್ಕತ್ತ, ಬೊಂಬಾಯಿ ಎಲ್ಲ ಮುಗಿಸಿಕೊಂಡು ಲೋಕಸಂಚಾರದ ಕೊನೆಗೆ ನಮ್ಮಲ್ಲಿಗೆ ಬಂದಿತ್ತು. ನಮ್ಮ ಬೀದಿಯ ಪ್ರಕಾರ ಚಂದ್ರನ ಮೇಲೆ ಕಾಲಿಟ್ಟವರು ಅಲ್ಲಿನ ಧೂಳಿನ ಜೊತೆ ತಂದದ್ದು. ಗಾರ್ಡ್ ಸಾರ್ ಪ್ರಕಾರ ಮದ್ರಾಸ್ ಮೇಲ್ ಗಾಡಿಯಲ್ಲಿ ಟಿಕೆಟ್ಟಿಲ್ಲದೆ ಬಂದದ್ದು. ಬೆಳಿಗ್ಗೆ ಏಳುವಾಗ ರೆಪ್ಪೆ ಅಂಟಿರುತ್ತಿತ್ತು, ಬಿಡಿಸಿದರೆ ಒಳಗೆ ಕೆಂಡ. ಫ್ಯಾಕ್ಟರಿಗಳಲ್ಲಿ ಪಾಳಿ ಅರ್ಧವಾಯಿತು, ಶಾಲೆಗಳು ಮುಚ್ಚಿದವು. ಶಿವಾಜಿನಗರದ ಫುಟ್‌ಪಾತಿನಲ್ಲಿ ಕಪ್ಪು ಕನ್ನಡಕ ಮಾರುವವನು, “ಲೇಲೋ ಸಾಬ್, ಪಾದ್ರಿ ಭೀ ಲಿಯಾ, ಪೊಲೀಸ್ ಭೀ ಲಿಯಾ” ಎಂದು ಕೂಗುತ್ತಿದ್ದ. ಪಾದ್ರಿಯೂ ಕೊಂಡರಂತೆ, ಪೊಲೀಸರೂ ಕೊಂಡರಂತೆ. ರೋಗವಿದ್ದವನನ್ನು ನೋಡಿದರೆ ನೋಡಿದವನಿಗೂ ಬರುತ್ತದೆ ಎಂದು ಎಲ್ಲರ ನಂಬಿಕೆ. ಹೀಗಾಗಿ ಬಂದವರೂ ಕನ್ನಡಕ ಹಾಕಿದರು, ಬಾರದವರೂ ಹಾಕಿದರು. ಮರ್ಫಿ ಟೌನು ತುಂಬ ಸಿನಿಮಾದ ಖಳನಾಯಕರು ತರಕಾರಿ ಚೀಲ ಹಿಡಿದು ಓಡಾಡುತ್ತಿದ್ದರು.

ನೋಟದಿಂದ ಬರುವುದಿಲ್ಲ, ಕೈಯಿಂದ, ಟವೆಲಿನಿಂದ ಬರುತ್ತದೆ ಎಂದು ನಾನು ಗಾರ್ಡ್ ಸಾರ್ ಅವರಿಗೆ ವಿವರಿಸಿದೆ. ಅವರು ಎರಡನ್ನೂ ಒಪ್ಪಿಕೊಂಡು ಎರಡಕ್ಕೂ ರೂಲು ಮಾಡಿದರು. ಹಬ್ಬದ ಬತ್ತಿಗಳನ್ನೆಲ್ಲ ಹಿಂದಿನ ದಿನ ಪರ್ಮಾಂಗನೇಟ್ ನೀರಿನಲ್ಲಿ ಅದ್ದಿ ಗೋಡೆಯ ಮೇಲೆ ಬಿಸಿಲಿಗೆ ಇಟ್ಟರು. ಬಿಳಿಯ ಬತ್ತಿಗಳು ಗುಲಾಬಿ ಗೀಟುಗಳ ಮಿಠಾಯಿಯಂತಾದವು. ಒಳಗಿನ ದಾರದ ಎಳೆ ಒದ್ದೆಯಾದರೆ ಹತ್ತುವುದಿಲ್ಲ ಸಾರ್ ಎಂದೆ. “ಸೂರ್ಯ ಡ್ಯೂಟಿಯಲ್ಲಿದಾನೆ” ಎಂದರು.

ಮುಖ್ಯವಾದದ್ದು ಲೂಪ್ ಲೈನ್ ರೂಲು. ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲು ಗೂಡ್ಸ್ ಗಾಡಿಯನ್ನು ಪಕ್ಕದ ಹಳಿಗೆ ತಿರುಗಿಸಿ ಕಾಯಿಸುತ್ತಾರಲ್ಲ, ಅದೇ ಲೂಪ್ ಲೈನು. ಅಂಗಳದ ಮೂಲೆಯ ದೊಡ್ಡ ಮಳೆಮರದ ಕೆಳಗೆ ಸುಣ್ಣದಲ್ಲಿ ಗೆರೆ ಎಳೆದರು. ಕಣ್ಣು ಕೆಂಪಾದವರು ಆ ಗೆರೆಯಾಚೆ. ಕಣ್ಣು ತಿಳಿಯಾದವರು ಚರ್ಚಿನ ಮೆಟ್ಟಿಲ ಮುಂದೆ, ಮೇನ್ ಲೈನಿನಲ್ಲಿ. ಫಾದರ್ ಮೇನ್ ಲೈನಿನವರ ಬತ್ತಿ ಆಶೀರ್ವದಿಸಿ ಅವರನ್ನು ಒಳಗೆ ಕರೆದೊಯ್ಯುವರು. ಲೂಪ್ ಲೈನಿನವರಿಗೆ ಆಶೀರ್ವಾದ ಮೈಕಿನಲ್ಲಿ. ಗೆರೆಯಾಚೆಯ ಕೈಯಿಂದ ಈಚೆಯ ಕೈಗೆ ಬತ್ತಿಯಾಗಲಿ ಬೆಂಕಿಯಾಗಲಿ ದಾಟಕೂಡದು.

ಅಜ್ಜಿ ಇದನ್ನು ಹಾಸಿಗೆಯಿಂದಲೇ ಕೇಳಿಸಿಕೊಂಡರು. ನಾನು ಅಲ್ಲೇ ಇದ್ದೆ.

“ಮೈಕಲ್ಲಿ ತೀರ್ಥ ಬರುತ್ತೇನೋ ಪುಟ್ಟಾ?”

“ಮಂತ್ರ ಬರುತ್ತೆ ಅಮ್ಮಾ.”

“ಮಂತ್ರ ಬತ್ತಿ ಮೇಲೆ ಬೀಳುತ್ತಾ?” ಉಸಿರು ಕೂಡಿಸಿಕೊಳ್ಳಲು ಸ್ವಲ್ಪ ಹೊತ್ತು ತೆಗೆದುಕೊಂಡರು. “ನಿನ್ನ ಸರ್ವಿಸೆಲ್ಲ ಲೂಪ್ ಲೈನಲ್ಲೇ ಹೋಯ್ತು. ಮೇಲ್ ಗಾಡಿಗೆ ನಿನ್ನ ಒಂದ್ಸಲಾನೂ ಹಾಕಲಿಲ್ಲ ಆ ಪಾಪಿಗಳು. ನನ್ನ ಬತ್ತಿನಾದ್ರೂ ಮೇನ್ ಲೈನಲ್ಲಿ ಹೋಗ್ಬೇಕು. ತಿಳೀತಾ?”

“ತಿಳೀತಮ್ಮಾ.”

ಗೇಟಿನಲ್ಲಿ ಕಣ್ಣು ಪರೀಕ್ಷೆ ಮಾಡಲು ಅವರು ನನ್ನನ್ನೇ ಆರಿಸಿದರು. ಎಮ್ಮೆಸ್ಸಿ ಮಾಡಿದ್ದಕ್ಕೆ ಸಿಕ್ಕಿದ ಗೌರವವೆಂದು ನಾನು ಒಳಗೊಳಗೇ ಹಿಗ್ಗಿದೆ. “ಹಾಗೇನಿಲ್ಲ” ಎಂದರು ಅವರು. “ನೀವು ನಮ್ಮ ಮತದೋರಲ್ಲ, ನೆಂಟರಲ್ಲ. ನಿಮಗೆ ಎಲ್ರ ಕಣ್ಣೂ ಒಂದೇ. ಬೈಸ್ಕೊಂಡ್ರೂ ನಾಳೆ ಪೂಜೇಲಿ ಪಕ್ಕದಲ್ಲಿ ಕೂರಬೇಕಾಗಿಲ್ಲ.”

ಹಬ್ಬದ ಬೆಳಿಗ್ಗೆ ಜನ ಬರತೊಡಗಿದರು. ಎಲ್ಲರೂ ಕಪ್ಪು ಕನ್ನಡಕ, ಎಲ್ಲರ ಕೈಯಲ್ಲೂ ಗುಲಾಬಿ ಗೀಟಿನ ಬತ್ತಿ. ಗೇಟಿನಲ್ಲಿ ಕನ್ನಡಕ ತೆಗೆಯಬೇಕು, ನಾನು ನೋಡಿ ಹೇಳಬೇಕು, ನನ್ನ ಪಕ್ಕ ನಿಂತ ಗಾರ್ಡ್ ಸಾರ್ ಬಾವುಟ ತೋರಿಸಬೇಕು. ಅವರೂ ಮುಂಜಾನೆಯಿಂದ ಕನ್ನಡಕ ಹಾಕಿದ್ದರು. ಅಧಿಕಾರದ ಕನ್ನಡಕವೆಂದು ನಾನು ತಿಳಿದಿದ್ದೆ.

ಕೆಂಪು ಕಣ್ಣಿಗೆ ಇಷ್ಟೊಂದು ಕಾರಣಗಳಿರಬಹುದೆಂದು ನನಗೆ ಯಾವ ವಿಶ್ವವಿದ್ಯಾನಿಲಯವೂ ಕಲಿಸಿರಲಿಲ್ಲ.

“ಕಾಡಿಗೆ ಉರೀತಿದೆ ಸಾರ್, ಅಷ್ಟೇ.”

“ನೈಟ್ ಶಿಫ್ಟು ಸಾರ್, ನಿದ್ದೆ ಇಲ್ಲ.”

“ನೇತ್ತು ಪೂರಾ ಅಳುತೇನ್ ಸಾರ್, ಮಾಮಿಯಾರ್ ಸಂಡೆ.” ಅತ್ತೆಯ ಜಗಳಕ್ಕೆ ನಿನ್ನೆಯೆಲ್ಲ ಅತ್ತಿದ್ದಾಳಂತೆ. ಹಿಂದೆ ನಿಂತಿದ್ದ ಅತ್ತೆಯ ಕಣ್ಣೂ ಅಷ್ಟೇ ಕೆಂಪಗಿತ್ತು.

ಫಾದರ್ ಅವರ ಮನೆಯ ಅಡುಗೆಯವನು ಬಂದ. ಬಲಗಣ್ಣು ತೆರೆಯಲಾರದಷ್ಟು ಊದಿತ್ತು. “ಈರುಳ್ಳಿ ಹೆಚ್ಚಿದೆ ಸಾರ್” ಎಂದ.

“ಒಂದೇ ಕಣ್ಣಲ್ಲಿ ಈರುಳ್ಳಿ ಹೆಚ್ತೀಯೇನಯ್ಯಾ? ನಡಿ ಲೂಪ್ ಲೈನಿಗೆ” ಎಂದು ಗಾರ್ಡ್ ಸಾರ್ ಕೆಂಪು ಬಾವುಟ ಎತ್ತಿದರು.

ಸ್ವಲ್ಪ ಹೊತ್ತಿಗೆ ಮಳೆಮರದ ಕೆಳಗೆ ಜಾತ್ರೆ. ಚರ್ಚಿನ ಮೆಟ್ಟಿಲ ಮುಂದೆ ಬೆರಳಲ್ಲಿ ಎಣಿಸುವಷ್ಟು ಜನ. ಆಗ ಚರ್ಚಿನ ಪ್ಯಾರಿಷ್ ಕಮಿಟಿಯ ಅಧ್ಯಕ್ಷರು ಕಾರಿನಲ್ಲಿ ಬಂದಿಳಿದರು. ಇಂದಿರಾನಗರದ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸುತ್ತಿದ್ದವರು, ಸದ್ಯಕ್ಕೆ ಅಲ್ಲಿಂದಲೇ ಬಂದವರಂತೆ ನಡೆಯುತ್ತಿದ್ದರು.

“ಕನ್ನಡಕ ತೆಗೀಬೇಕು ಸಾರ್” ಎಂದೆ.

“ಇದು ಪವರ್ ಗ್ಲಾಸು.”

“ಪವರ್ ಆದ್ರೂ ತೆಗೀರಿ” ಎಂದರು ಗಾರ್ಡ್ ಸಾರ್. “ಪವರ್ ಇರೋರಿಗೂ ರೂಲು ಒಂದೇ.”

ಅಧ್ಯಕ್ಷರ ಕಿವಿ ಕೆಂಪಾಯಿತು. “ಎಲ್ಲರ ಕಣ್ಣೂ ನೋಡ್ತೀರಲ್ಲ, ನಿಮ್ಮದು ಯಾರು ನೋಡಿದಾರೆ? ಮೊದಲು ನೀವು ತೆಗೀರಿ!”

ಗಾರ್ಡ್ ಸಾರ್ ಸ್ವಲ್ಪ ಯೋಚಿಸಿ, “ನ್ಯಾಯ” ಎಂದು ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು. ಈ ಕಣ್ಣನ್ನು ಮಾತ್ರ ನಾನು ಖಂಡಿತ ನೋಡಿದ್ದೇನೆ. ಎಡಗಣ್ಣು ಹಣ್ಣಾದ ಟೊಮ್ಯಾಟೊ.

“ಏನು?” ಎಂದರು.

“ಸ್ವಲ್ಪ... ಒಂಚೂರು...”

“ಒಂಚೂರು ಅನ್ನೋ ಸಿಗ್ನಲ್ ಇಲ್ಲ ಕಣ್ರೀ. ಕೆಂಪೋ, ಹಸಿರೋ?”

“ಕೆಂಪು.”

ಅವರು ತಮಗೆ ತಾವೇ ಕೆಂಪು ಬಾವುಟ ತೋರಿಸಿಕೊಂಡರು. ನಗಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಅಧ್ಯಕ್ಷರು ಕನ್ನಡಕ ತೆಗೆದರು. ಅವರ ಕಣ್ಣು ಕೂಸಿನ ಕಣ್ಣಿನಷ್ಟು ಬೆಳ್ಳಗಿತ್ತು. ಅವರು ಮೇನ್ ಲೈನಿಗೆ ಹೋಗಿ ಎಲ್ಲರಿಗಿಂತ ಮುಂದೆ ನಿಂತರು. ಗಾರ್ಡ್ ಸಾರ್ ಬಗಲಲ್ಲಿದ್ದ ಎರಡು ಬತ್ತಿಗಳೊಂದಿಗೆ, ಒಂದು ತಮ್ಮದು, ಒಂದು ಅಜ್ಜಿಯದು, ಸುಣ್ಣದ ಗೆರೆಯಾಚೆ ಹೋಗಿ ಎಲ್ಲರಿಗಿಂತ ಕೊನೆಗೆ, ಗೆರೆಗೆ ಅಂಟಿಕೊಂಡು ನಿಂತರು.

ನಾನು ಹಿಂದೆಯೇ ಓಡಿದೆ. “ಸಾರ್, ಅಜ್ಜಿ ಬತ್ತಿ ನನಗೆ ಕೊಡಿ. ನಾನು ಮೆಟ್ಟಿಲ ಹತ್ರ ಹಿಡ್ಕೊಂಡು ನಿಲ್ತೀನಿ.”

“ಈ ಕೈಯಿಂದ ಆ ಕೈಗೆ ದಾಟೋ ಹಂಗಿಲ್ಲ.”

“ರೂಲ್ ಮಾಡಿದ್ದು ನೀವೇ ಅಲ್ವಾ?”

“ಅದಕ್ಕೇ.”

“ಬೇರೆ ಬತ್ತಿ ತಗೊಂಡ್ರೆ?”

“ಎಲ್ಲಾ ಬತ್ತೀನೂ ನಿನ್ನೆ ನಾನೇ ಅದ್ದಿದ್ದು. ಈ ಕೈಲೇ.” ಅಂಗೈ ತೋರಿಸಿದರು. ಅದು ಪರ್ಮಾಂಗನೇಟಿನಿಂದ ಕಂದುಬಣ್ಣಕ್ಕೆ ತಿರುಗಿತ್ತು. ತಮ್ಮ ಲೆಕ್ಕದ ಪ್ರಕಾರ ಇಡೀ ಊರಿಗೆ ತಾವೇ ರೋಗ ಹಂಚಿರಬಹುದು ಎಂಬ ಯೋಚನೆ ಆಗ ಅವರಿಗೆ ಬಂದಂತೆ ಕಂಡಿತು. ಗೋಡೆಯಾಚೆ ಅವರ ಮನೆಯ ಹಿಂಕಿಟಕಿ ತೆರೆದಿತ್ತು. ಅವರು ಆ ಕಡೆ ನೋಡಲಿಲ್ಲ.

ಫಾದರ್ ಪೂಜೆಯ ಉಡುಪಿನಲ್ಲಿ ತಮ್ಮ ಮನೆಯಿಂದ ನೇರವಾಗಿ ಅಂಗಳಕ್ಕೆ ಬಂದರು. ವಯಸ್ಸಾದವರು, ಮೆಲುಮಾತಿನವರು. ಅವರೂ ಕಪ್ಪು ಕನ್ನಡಕ ಹಾಕಿದ್ದರು. ಮೆಟ್ಟಿಲ ಮುಂದೆ ಆ ನಾಲ್ಕು ಜನ, ಮರದ ಕೆಳಗೆ ಇಡೀ ಊರು. ಅಡುಗೆಯವನು ಗೆರೆಯಾಚೆಯಿಂದಲೇ ಕೂಗಿ ನಡೆದದ್ದನ್ನೆಲ್ಲ ಹೇಳಿದ. ಫಾದರ್ ನಿಧಾನವಾಗಿ ನಡೆದು ಸುಣ್ಣದ ಗೆರೆಯವರೆಗೆ ಬಂದರು.

“ಏನ್ ಗಾರ್ಡ್ ಅವರೇ, ಇಲ್ಲಿ?”

“ಸಿಗ್ನಲ್ ಬಿದ್ದಿದೆ ಫಾದರ್.”

“ಅಮ್ಮನ ಬತ್ತಿ?”

ಗಾರ್ಡ್ ಸಾರ್ ಬತ್ತಿಯನ್ನು ಎದೆಗೆ ಒತ್ತಿಕೊಂಡಿದ್ದರು.

“ಎಲ್ಲರ ಕಣ್ಣೂ ನೋಡಿದ್ರಾ?”

“ನೋಡಿದೀವಿ.”

“ನನ್ನದು ನೋಡಲಿಲ್ವಲ್ಲ.”

ಇಷ್ಟು ಹೇಳಿ ಫಾದರ್ ಕನ್ನಡಕ ತೆಗೆದರು. ಮೆಟ್ಟಿಲ ಕಡೆಯವರಿಗೆ ಅವರ ಬೆನ್ನು ಕಾಣುತ್ತಿತ್ತು, ಮರದ ಕೆಳಗಿನವರಿಗೆ ಗಾರ್ಡ್ ಸಾರ್ ಅಡ್ಡವಾಗಿದ್ದರು. ನಾನು ಗೆರೆಯ ಈಚೆ ಫಾದರ್ ಪಕ್ಕದಲ್ಲಿದ್ದೆ, ಆದರೆ ಒಂದು ಹೆಜ್ಜೆ ಹಿಂದೆ. ಇಷ್ಟು ವರ್ಷ ನಾನು ನೋಡಿದೆನೆಂದು ಹೇಳಿಕೊಂಡು ಬಂದದ್ದು ಈ ಕಣ್ಣನ್ನು. ಈಗ ಪ್ರಾಮಾಣಿಕವಾಗಿ ಹಿಂದಿರುಗಿ ನೋಡಿದರೆ ಅಲ್ಲಿ ನನಗೆ ಕಾಣುವುದು ಜರಿಯಂಚಿನ ಉಡುಪು, ನರೆತ ಕೂದಲು, ಒಂದು ಕಿವಿ. ಆ ಕಣ್ಣು ಕಂಡದ್ದು ಗಾರ್ಡ್ ಸಾರ್ ಒಬ್ಬರಿಗೇ. ಅವರು ಕರವಸ್ತ್ರದಿಂದ ತಮ್ಮ ಕಣ್ಣು ಒರೆಸಿಕೊಂಡರು. ದೂರದ ಸಿಗ್ನಲ್ ಕೈಮರ ನೋಡುವವರ ಹಾಗೆ ತಲೆ ಮುಂದೆ ಚಾಚಿ ನೋಡಿದರು. ಮತ್ತೆ ಒರೆಸಿಕೊಂಡು ಮತ್ತೆ ನೋಡಿದರು.

ಆಮೇಲೆ ಕೆಂಪು ಬಾವುಟ ಎತ್ತಿದರು.

ಫಾದರ್ ಕನ್ನಡಕ ಹಾಕಿಕೊಂಡು ಗೆರೆ ದಾಟಿ ಮರದ ಕೆಳಗೆ ಬಂದು ನಿಂತರು.

ಮೆಟ್ಟಿಲ ಕಡೆಯಿಂದ ಅಧ್ಯಕ್ಷರ ದನಿ: “ಫಾದರ್, ಮತ್ತೆ ನಾವು?”

“ಇಂಜಿನ್ ಎಲ್ಲಿ ನಿಲ್ಲುತ್ತೋ ಅದೇ ಮೇನ್ ಲೈನು” ಎಂದು ಗಾರ್ಡ್ ಸಾರ್ ಕೂಗಿದರು. ದನಿ ಒಡೆದಿತ್ತು. “ನಿಮಗೆ ಲೈನ್ ಕ್ಲಿಯರ್ ಇಲ್ಲ. ಕಾಯ್ರಿ. ಮೈಕಲ್ಲಿ ಬರುತ್ತೆ.”

ಬತ್ತಿಗಳು ಹತ್ತಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಎಳೆಗಳು ಚಟಪಟ ಎಂದು ಉಗುಳಿದವು, ಬೆಂಕಿಪೊಟ್ಟಣಗಳು ಖಾಲಿಯಾದವು. ಕಪ್ಪು ಕನ್ನಡಕದವರೆಲ್ಲ ಕಾಣದ ಜ್ವಾಲೆಗಾಗಿ ಒಬ್ಬರ ಬತ್ತಿಗೆ ಒಬ್ಬರು ಬತ್ತಿ ತಾಗಿಸುತ್ತ ಒಬ್ಬರ ಸೆರಗು ಒಬ್ಬರು ಸುಡತೊಡಗಿದರು. ನಾನು ಗೋಡೆ ಹಾರಿ ಗಾರ್ಡ್ ಸಾರ್ ಅವರ ಮನೆಯಿಂದ ಸೀಮೆಎಣ್ಣೆಯ ಕೈದೀಪ ತಂದೆ. ಅದರಿಂದ ಒಂದೊಂದಾಗಿ ಹತ್ತಿಕೊಂಡವು. ಫಾದರ್ ಪ್ರಾರ್ಥಿಸಿ ತೀರ್ಥ ಚಿಮುಕಿಸಿದಾಗ ಅರ್ಧ ಮತ್ತೆ ಆರಿದವು. ಅಜ್ಜಿಯ ಬತ್ತಿ ಆರಲಿಲ್ಲ ಎಂದು ಹೇಳಬೇಕೆಂದು ಆಸೆ. ಅದೂ ಆರಿತು. ಎರಡನೆಯ ಸಲ ಹಚ್ಚಿದರು.

ಒಳಗಿನಿಂದ ಮೇಜು ತಂದು ಮರದ ಕೆಳಗೇ ಪೂಜೆ ನಡೆಯಿತು. ಅದರ ನಡುವೆಯೇ ಅಧ್ಯಕ್ಷರು, “ನನಗೂ ಸ್ವಲ್ಪ ಉರಿ ಶುರುವಾಗಿದೆ” ಎನ್ನುತ್ತ ಕಣ್ಣುಜ್ಜಿಕೊಂಡು ಗೆರೆಯ ಹತ್ತಿರ ಬಂದರು. ಗಾರ್ಡ್ ಸಾರ್ ಅವರ ಕಣ್ಣು ನೋಡಲೂ ಇಲ್ಲ, ಸುಮ್ಮನೆ ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ವಾರದೊಳಗೆ ಅವರಿಗೆ ನಿಜವಾಗಿಯೂ ಬಂತಂತೆ. ಇದು ಕೇಳಿದ ಮಾತು.

ಮನೆಯಲ್ಲಿ ಅಜ್ಜಿ ಬತ್ತಿಯನ್ನು ಮೂಸಿ, ತಿರುಗಿಸಿ ನೋಡಿದರು.

“ಇದೇನೋ ಇದು, ಪೆಪ್ಪರ್‌ಮಿಂಟ್ ಇದ್ದಂಗಿದೆ.”

“ಔಷಧಿ ಅಮ್ಮಾ.”

“ಯಾವ ಲೈನು?”

“ಫಾದರ್ ನಿಂತಿದ್ದ ಲೈನು.”

“ತೀರ್ಥ ಬಿತ್ತಾ?”

“ಬಿದ್ದು ಆರಿಹೋಯ್ತು. ಮತ್ತೆ ಹಚ್ಚಿದ್ದು.”

ಅಜ್ಜಿ ಬತ್ತಿಯನ್ನು ದಿಂಬಿನ ಕೆಳಗೆ ಇಟ್ಟುಕೊಂಡರು. ಆ ವಾರ ಕಳೆಯುವ ಮೊದಲೇ ಹೋದರು. ಎದುರುಮನೆಯವನಾದ ನಾನೂ ಅಲ್ಲಿದ್ದೆ. ಗುಲಾಬಿ ಗೀಟಿನ ಬತ್ತಿಯನ್ನು ಹಚ್ಚಿ ಅಜ್ಜಿಯ ಬೆರಳುಗಳ ಸುತ್ತ ತಮ್ಮ ಕಂದು ಅಂಗೈ ಮುಚ್ಚಿ ಗಾರ್ಡ್ ಸಾರ್ ಹಿಡಿಸಿದ್ದರು. ಉಸಿರು ನಿಂತ ಮೇಲೆ ಅವರು ಎದ್ದುನಿಂತು, ಅಭ್ಯಾಸದಂತೆ ಬಾಗಿಲ ಕಡೆ ನೋಡಿ, “ರೈಟ್” ಎಂದರು. ತುಂಬ ಮೆಲ್ಲಗೆ.

ಅದಾದ ಮೇಲೂ ಎಷ್ಟೋ ಸಂಜೆ ಅವರ ಜಗಲಿಯಲ್ಲಿ ಕುಳಿತಿದ್ದೇನೆ. ದೇವರಿಲ್ಲವೆಂದು ವಾದಿಸಿದ್ದೇನೆ, ಬ್ರೇಕ್ ವ್ಯಾನಿನ ಮಾತು ಕೇಳಿದ್ದೇನೆ. ರಾಂಗ್ ಸಿಗ್ನಲ್ ತೋರಿಸಿಲ್ಲ ಎಂಬ ಆ ಬಡಾಯಿಯನ್ನು ಮಾತ್ರ ಮತ್ತೆ ಕೇಳಿದ ನೆನಪಿಲ್ಲ. ನೆನಪಿಲ್ಲ ಎಂದಷ್ಟೇ ಹೇಳಬಲ್ಲೆ. ಅವರು ಹೇಳಿದ್ದರೂ ನಾನು ಗಮನಿಸದೇ ಇದ್ದಿರಬಹುದು. ಒಮ್ಮೆ ನಾನಾಗಿಯೇ ಕೇಳಿದ್ದೆ: “ಸಾರ್, ಅವತ್ತು ಫಾದರ್ ಕಣ್ಣು ತುಂಬಾ ಕೆಂಪಿತ್ತಾ?”

“ಗಾರ್ಡ್ ಬಾವುಟ ತೋರಿಸಿದ ಮೇಲೆ ಪ್ಯಾಸೆಂಜರ್ ಪ್ರಶ್ನೆ ಕೇಳಬಾರದು ಕಣ್ರೀ” ಎಂದು ಕಡಲೆಕಾಯಿ ನನ್ನ ಕಡೆ ತಳ್ಳಿದರು.

ಈಗ ಅವರಿಲ್ಲ. ಫಾದರ್ ವರ್ಗವಾಗಿ ಹೋದ ಊರಿನಲ್ಲೇ ಮೊದಲೇ ತೀರಿಕೊಂಡಿದ್ದರು. ನನ್ನ ನೆನಪಿನ ಮೇಲೆ ನನಗೆ ಭರವಸೆಯಿಲ್ಲ. ಆದ್ದರಿಂದ ಹೋದ ಭಾನುವಾರ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿಳಿದು, ಕೆ.ಆರ್. ಪುರದ ಕಡೆ ಮಗಳ ಮನೆಯಲ್ಲಿರುವ ಆ ಅಡುಗೆಯವನನ್ನು ಹುಡುಕಿಕೊಂಡು ಹೋದೆ. ಅವನು ನನ್ನನ್ನು ಗುರುತಿಸಿ, “ಈರುಳ್ಳಿ ಸಾರ್!” ಎಂದು ನಕ್ಕ. ನಾನು ಕೇಳಬೇಕಾದ್ದನ್ನು ಕೇಳಿದೆ.

“ಫಾದರ್‌ಗಾ? ಯಾರ್ ಹೇಳಿದ್ದು? ನನಗೆ ಬಂತು, ತೋಟದೋನಿಗೆ ಬಂತು, ಚಿಕ್ಕ ಫಾದರ್‌ಗೂ ಬಂತು. ಎಲ್ರಿಗೂ ಡ್ರಾಪ್ಸ್ ಹಾಕ್ತಿದ್ದೋರು ಅವರೇ. ಹಬ್ಬದ ದಿನ ಬೆಳಿಗ್ಗೆ ನನ್ನ ಕಣ್ಣಿಗೂ ಹಾಕಿದ್ರಲ್ಲ. ಅಷ್ಟು ಹತ್ರದಿಂದ ನೋಡಿದೀನಿ.”

ಒಬ್ಬನ ಮಾತು ಸಾಲದೆಂದು ತೋಟದವನನ್ನೂ ವಿಚಾರಿಸಿದೆ. ಅವನು ಇನ್ನೂ ಚರ್ಚಿನ ಹಿಂದೆಯೇ ಇದ್ದಾನೆ. ಆ ಬೆಳಿಗ್ಗೆ ಅವನ ಕಣ್ಣಿಗೂ ಔಷಧಿ ಹಾಕಿದವರು ಫಾದರ್ ಅವರೇ. ಇಬ್ಬರೂ ಹೇಳಿದ್ದು ಒಂದೇ: ಹಬ್ಬದ ದಿನ ಫಾದರ್ ಅವರ ಎರಡು ಕಣ್ಣೂ ತಿಳಿಯಾಗಿದ್ದವು.